ಬಾಟಲಿಯಲ್ಲಿ ಚೀಲ ಹಿಡಿಸೀತೇ?

ನಂಬಿಕೆ: ಅರ್ಧ ಲೀಟರ್ ನ್ಯಾನೊ ಯೂರಿಯಾ ಒಂದು ಚೀಲ ಯೂರಿಯಾಕ್ಕೆ ಸಮ.

ಎಲೆಗೆ ಸಿಂಪಡಿಸುವ ಈ ದ್ರವಗೊಬ್ಬರ ಹುಟ್ಟಿದ್ದು ಅಹಮದಾಬಾದಿಗೆ ಹತ್ತಿರದ ಕಲೋಲ್‌ನಲ್ಲಿ, ರಸಗೊಬ್ಬರ ಸಹಕಾರಿ ಸಂಸ್ಥೆ ಇಫ್ಕೋದ ಸಂಶೋಧನಾ ಕೇಂದ್ರದಲ್ಲಿ. 2021ರಲ್ಲಿ ಪೇಟೆಗೆ ಬಂತು. 2022ರ ಮೇ 28ರಂದು ಪ್ರಧಾನಿಯವರು ಅಲ್ಲಿನ ಕಾರ್ಖಾನೆಯನ್ನು ಉದ್ಘಾಟಿಸಿದರು.

ಸತ್ಯ ತಿಳಿಯಲು ಪ್ರಯೋಗಾಲಯ ಬೇಡ, ಮಗ್ಗಿ ಸಾಕು. 45 ಕಿಲೋ ಚೀಲದಲ್ಲಿ ಸಾರಜನಕ ಶೇ 46, ಅಂದರೆ 20.7 ಕಿಲೋ. ಮೊದಲು ಬಂದ ಬಾಟಲಿಯಲ್ಲಿ ಶೇ 4, ಅಂದರೆ 20 ಗ್ರಾಂ. ಸಾವಿರ ಪಟ್ಟು ವ್ಯತ್ಯಾಸ! ಮಣ್ಣಿಗೆ ಎರಚಿದ ಯೂರಿಯಾದಲ್ಲಿ ಬಹುಪಾಲು ಗಾಳಿಗೂ ನೀರಿಗೂ ಹೋಗುತ್ತದೆ, ನಿಜ. ಮೂರರಲ್ಲಿ ಎರಡು ಪಾಲು ಹೋಯಿತೆಂದೇ ಹಿಡಿಯಿರಿ, ಬೆಳೆಗೆ ಏಳು ಕಿಲೋ ಉಳಿಯಿತಲ್ಲ. ಬಾಟಲಿಯದು ಒಂದು ಹನಿಯೂ ಪೋಲಾಗದಿದ್ದರೂ ಇಪ್ಪತ್ತೇ ಗ್ರಾಂ. ಆಮೇಲೆ ಬಂದ 'ಪ್ಲಸ್'ನಲ್ಲಿ ಶೇ 20 ಇದೆ. ಆಗಲೂ ನೂರು ಗ್ರಾಂ ಆಸುಪಾಸು. ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಎರಡು ವರ್ಷ ಪರೀಕ್ಷಿಸಿದಾಗ ಗೋಧಿಯ ಇಳುವರಿ ಶೇ 21.6, ಭತ್ತದ್ದು ಶೇ 13 ಕುಸಿದಿತ್ತು. ಚೀಲ ಬೇಕೆಂದರೆ ಬಾಟಲಿಯನ್ನೂ ಕೊಳ್ಳಬೇಕು ಎಂದು ಗೊಬ್ಬರದಂಗಡಿಯಲ್ಲಿ ಹೇಳಿಸಿಕೊಂಡ ನಮ್ಮ ಕಡೆಯ ರೈತರಿಗೆ ಈ ಲೆಕ್ಕ ಗೊತ್ತಿದ್ದರೆ ಒಳ್ಳೆಯದು.

ನಂಬಿಕೆ: ನ್ಯಾನೊ ಅಂದಮೇಲೆ ವಿಷ, ಎಲೆಗೆ ಇಳಿದದ್ದು ನಾಳೆ ನಮ್ಮ ರಕ್ತಕ್ಕೂ ಇಳಿಯುತ್ತದೆ.

ಇದು 'ನ್ಯಾನೊ' ಎಂಬ ಹೆಸರಿನ ಅದೇ ಮೋಹದ ಮಗ್ಗುಲು ಬದಲಿಸಿದ ರೂಪ. ನ್ಯಾನೊ ಯೂರಿಯಾದ ಕಣ 20ರಿಂದ 50 ನ್ಯಾನೊಮೀಟರ್ ಎನ್ನುತ್ತಾರೆ. ನೀರಿನಲ್ಲಿ ಕರಗಿದ ಮಾಮೂಲಿ ಯೂರಿಯಾದ ಅಣು ಒಂದು ನ್ಯಾನೊಮೀಟರಿಗಿಂತಲೂ ಚಿಕ್ಕದು. ಲೀಟರಿಗೆ 20 ಗ್ರಾಂ ಯೂರಿಯಾ ಕರಗಿಸಿ ಎಲೆಗೆ ಹೊಡೆಯುವುದು ಹಳೆಯ ಪದ್ಧತಿಯೇ. ಗಿಡದೊಳಗೆ ಯೂರಿಯಾ ಒಡೆದು ಅಮೋನಿಯಾ ಆಗಿ, ಕೊನೆಗೆ ಪ್ರೋಟೀನಿಗೆ ಸೇರುತ್ತದೆ. ಕಾಳಿನಲ್ಲಿ ಕಣವಾಗಿ ಕೂತಿರುವುದಿಲ್ಲ.

ಹಾಗೆಂದು ಎಲ್ಲಕ್ಕೂ ಅಭಯ ಕೊಡಲಾಗದು. ಕರಗದ ಕಣಗಳ ಕಥೆ ಬೇರೆ. ವಾಸನೆ ಬಾರದಿರಲೆಂದು ಬಟ್ಟೆಗೆ ಹಚ್ಚುವ ನ್ಯಾನೊ ಬೆಳ್ಳಿ ಒಗೆದಂತೆಲ್ಲ ಬಿಟ್ಟು ಚರಂಡಿ ಸೇರುತ್ತದೆ. ಬೆಳ್ಳಿ ನೀರಿನ ಸೂಕ್ಷ್ಮಜೀವಿಗಳಿಗೆ ಮಾರಕ. ಅದಕ್ಕಿಂತ ಹತ್ತಿರದ ಅಪಾಯ ಇಂಥ ಕಣಗಳ ಒಣ ಪುಡಿಯನ್ನು ದಿನವಿಡೀ ಉಸಿರಾಡುವ ಕಾರ್ಮಿಕನದು. ಗುಜರಾತಿನ ಖಂಭಾತದಲ್ಲಿ ಅಗೇಟ್ ಕಲ್ಲು ಉಜ್ಜುವವರಿಗೆ ಸಿಲಿಕೋಸಿಸ್ ತಂದದ್ದು ಬರೀ ಕಲ್ಲಿನ ದೂಳು, ನ್ಯಾನೊ ಹೆಸರಿನ ಯಾವ ಸರಕೂ ಅಲ್ಲ. ನ್ಯಾನೊ ಪುಡಿ ಇನ್ನೂ ನವಿರು, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ಹೀಗಿರುವಾಗ ಕೊಳ್ಳುವವನಿಗಿಂತ ಮೊದಲು ಮಾಸ್ಕ್ ಬೇಕಾದದ್ದು ಕಾರ್ಖಾನೆಯಲ್ಲಿ ಆ ಪುಡಿಯ ಡ್ರಮ್ಮು ತೆರೆಯುವವನಿಗೆ.