‘ಲ್ಯಾಬಿನಲ್ಲಿ ಪಾಸಾಗಿದೆ’ ಎಂಬ ಮಾತನ್ನು ಎಷ್ಟು ನಂಬಬೇಕು?

ಚಿಂತಾಮಣಿಯ ಮೆಡಿಕಲ್ ಸ್ಟೋರಿನಲ್ಲಾಗಲಿ, ಗೌರಿಬಿದನೂರಿನ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಾಗಲಿ, ಔಷಧಿಯ ಗುಣಮಟ್ಟದ ಬಗ್ಗೆ ಯಾರಾದರೂ ಅನುಮಾನ ಎತ್ತಿದರೆ ಸಿಗುವ ಉತ್ತರ ಒಂದೇ: ಲ್ಯಾಬಿನಲ್ಲಿ ಪಾಸಾಗಿರುವ ಮಾಲು, ಭಯವಿಲ್ಲ. ಹೀಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಈ ಮಾತಿನ ಹಿಂದೆ ಒಂದು ದೊಡ್ಡ ತಪ್ಪು ಕಲ್ಪನೆಯಿದೆ. ಪರೀಕ್ಷೆಗೆ ಕಳಿಸಿದ ಕೆಲವು ಬಾಟಲಿಗಳ ಬಗ್ಗೆ ಲ್ಯಾಬು ಹೇಳಿದ್ದನ್ನು ನಾವು ಇಡೀ ಬ್ಯಾಚಿನ ಬಗ್ಗೆ ಹೇಳಿದ ಮಾತೆಂದು ಓದಿಕೊಳ್ಳುತ್ತೇವೆ. ‘ಪಾಸ್’ ಎಂಬ ವರದಿಗೂ ‘ಫೇಲ್’ ಎಂಬ ವರದಿಗೂ ಒಂದೇ ತೂಕ ಕೊಡುತ್ತೇವೆ. ನಿಜದಲ್ಲಿ, ಅದರಲ್ಲೂ ನೇರವಾಗಿ ರಕ್ತನಾಳಕ್ಕೆ ಹೋಗುವ ಡ್ರಿಪ್ಪಿನ ವಿಷಯದಲ್ಲಿ, ಇವೆರಡರ ತೂಕ ಒಂದೇ ಅಲ್ಲ. ಇದನ್ನು ಅರ್ಥ ಮಾಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ಬಳ್ಳಾರಿಯಲ್ಲಿ ಕಂಡಿದ್ದೇವೆ.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಕೆಲವೇ ದಿನಗಳಲ್ಲಿ ಒಬ್ಬರ ಹಿಂದೊಬ್ಬರು ತೀವ್ರ ಅಸ್ವಸ್ಥರಾದರು. ಐವರು ಉಳಿಯಲಿಲ್ಲ. ಅನುಮಾನ ಬಿದ್ದದ್ದು ಅವರಿಗೆ ಏರಿಸಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಪಶ್ಚಿಮ ಬಂಗಾಳದ ಕಂಪನಿಯೊಂದು ತಯಾರಿಸಿದ್ದ ಆ ದ್ರಾವಣ ಬಂದದ್ದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ. ಅದೇ ಕಂಪನಿಯ ಕೆಲವು ಬ್ಯಾಚುಗಳು ಅದಕ್ಕೂ ಮೊದಲೇ ನಮ್ಮ ರಾಜ್ಯದ ಲ್ಯಾಬಿನಲ್ಲಿ ಫೇಲಾಗಿದ್ದವು, ಬಳಕೆಯನ್ನೂ ತಡೆಹಿಡಿಯಲಾಗಿತ್ತು. ಆಮೇಲೆ ಕೋಲ್ಕತ್ತದ ಕೇಂದ್ರೀಯ ಔಷಧ ಪ್ರಯೋಗಾಲಯ ಅಂಥ ಕೆಲವು ಮಾದರಿಗಳನ್ನು ಪ್ರಮಾಣಿತ ಗುಣಮಟ್ಟದವೆಂದು ಹೇಳಿತು. ಉಳಿದ ಬ್ಯಾಚುಗಳು ಮತ್ತೆ ಬಳಕೆಗೆ ಬಂದವು. ಸಾವುಗಳ ನಂತರ ಸರ್ಕಾರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು, ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಕೇಂದ್ರದ ಲ್ಯಾಬಿನ ವರದಿಗಳ ಬಗ್ಗೆಯೇ ಪ್ರಶ್ನೆ ಎತ್ತಿದರು. ಬಾಣಂತಿಯರ ಸಾವಿನ ವೈದ್ಯಕೀಯ ಕಾರಣ ಹೇಳುವುದು ತಜ್ಞರ ಕೆಲಸ. ನನ್ನ ಮುಂದಿರುವ ಪ್ರಶ್ನೆ ಬೇರೆ: ಒಂದು ಲ್ಯಾಬು ಫೇಲೆಂದದ್ದನ್ನು ಇನ್ನೊಂದು ಪಾಸೆಂದಾಗ ಎರಡರಲ್ಲಿ ಒಂದು ಸುಳ್ಳು ಹೇಳಿರಲೇಬೇಕೆ?

ಹಾಗೆಂದೇ ಬಹಳ ಜನ ನಂಬಿದ್ದಾರೆ. ಯಾರೋ ದುಡ್ಡು ತಿಂದಿದ್ದಾರೆ ಎಂಬುದು ಸುಲಭವಾಗಿ ಬರುವ ತೀರ್ಮಾನ. ಅಂಥ ಭ್ರಷ್ಟಾಚಾರ ಇರಲಾರದು ಎಂದು ನಾನು ಹೇಳುವುದಿಲ್ಲ. ಆದರೆ ಯಾರೂ ಒಂದು ರೂಪಾಯಿ ಮುಟ್ಟದಿದ್ದರೂ ಎರಡು ಪ್ರಾಮಾಣಿಕ ಲ್ಯಾಬುಗಳು ಹೀಗೆ ಬೇರೆ ಬೇರೆ ಉತ್ತರ ಕೊಡಬಲ್ಲವು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯ ಅಕ್ಕಿಯೆಲ್ಲ ಒಂದೇ ಬಿಸಿಯಲ್ಲಿ ಬೆಂದಿರುತ್ತದೆ. ಡ್ರಿಪ್ ಬಾಟಲಿಗಳಲ್ಲಿ ಸೇರುವ ಬ್ಯಾಕ್ಟೀರಿಯಾ ಹಾಗೆ ಸಮನಾಗಿ ಹರಡಿರುವುದಿಲ್ಲ. ಒಂದು ಮುಚ್ಚಳ ಸಡಿಲವಾಗಿರುತ್ತದೆ, ಇನ್ನೊಂದು ಬಾಟಲಿಯಲ್ಲಿ ಕಣ್ಣಿಗೆ ಕಾಣದ ಬಿರುಕಿರುತ್ತದೆ, ಕ್ರಿಮಿನಾಶ ಮಾಡುವ ಯಂತ್ರದ ಒಂದು ಮೂಲೆಗೆ ಶಾಖ ಸರಿಯಾಗಿ ತಲುಪಿರುವುದಿಲ್ಲ. ನೂರಕ್ಕೆ ಒಂದು ಬಾಟಲಿ ಕೆಟ್ಟಿರುವ ಬ್ಯಾಚಿನಿಂದ 20 ಬಾಟಲಿ ತೆಗೆದು ಪರೀಕ್ಷಿಸಿದರೆ ಆ ದೋಷ ಸಿಕ್ಕಿಬೀಳುವ ಸಾಧ್ಯತೆ ಸುಮಾರು ಶೇ. 18 ಮಾತ್ರ. ಉಳಿದ ಶೇ. 82ರಷ್ಟು ಸಲ ಬ್ಯಾಚು ನಿರ್ವಿಘ್ನವಾಗಿ ಪಾಸಾಗುತ್ತದೆ. ನೂರಕ್ಕೆ ಐದು ಕೆಟ್ಟಿದ್ದರೂ ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚು ಅದು ತಪ್ಪಿಸಿಕೊಳ್ಳುತ್ತದೆ. ಇದರಲ್ಲಿ ಲ್ಯಾಬಿನ ತಪ್ಪೇನೂ ಇಲ್ಲ, ಇದು ಬರೀ ಲೆಕ್ಕ. ಸರಿಯಾಗಿ ನಡೆಸಿದ ಪರೀಕ್ಷೆಯಲ್ಲಿ ಕ್ರಿಮಿ ಕಂಡರೆ ಅದು ಇತ್ತೆಂದೇ ಅರ್ಥ. ಕಾಣದಿದ್ದರೆ, ಆ 20 ಬಾಟಲಿಗಳಲ್ಲಿ ಕಾಣಲಿಲ್ಲ ಎಂದಷ್ಟೇ ಅರ್ಥ.

ಹಾಗಾದರೆ ಎಲ್ಲ ಬಾಟಲಿಗಳನ್ನೂ ಪರೀಕ್ಷಿಸಿಬಿಡಬಾರದೇ ಎಂದು ಕೇಳುವವರಿದ್ದಾರೆ. ಆಗದು. ಪರೀಕ್ಷೆಗೆ ಒಡೆದ ಬಾಟಲಿ ರೋಗಿಗೆ ಮತ್ತೆ ಬರುವುದಿಲ್ಲ. ಎಲ್ಲವನ್ನೂ ಪರೀಕ್ಷಿಸಿದರೆ ಆಸ್ಪತ್ರೆಗೆ ಉಳಿಯುವುದು ವರದಿ ಮಾತ್ರ. ಸಮಯದ ಮಾತೂ ಇದೆ. ಕ್ರಿಮಿ ಇದೆಯೇ ಎಂದು ನೋಡಲು ಮಾದರಿಯನ್ನು ಪೋಷಕ ದ್ರವದಲ್ಲಿ 14 ದಿನ ಇಟ್ಟು ಕಾಯಬೇಕು. ಸರ್ಕಾರಿ ವಿಶ್ಲೇಷಕರು ವರದಿ ಕೊಡಲು ನಿಯಮದಲ್ಲಿರುವ ಅವಧಿ 60 ದಿನ. ಅಷ್ಟರಲ್ಲಿ ಶಿಡ್ಲಘಟ್ಟದ ಅಂಗಡಿಯಿಂದ ತೆಗೆದ ಮಾದರಿಯ ಜೊತೆಗಾರ ಮಾತ್ರೆಗಳೆಲ್ಲ ಯಾರ ಯಾರದೋ ಹೊಟ್ಟೆ ಸೇರಿರಬಹುದು.

ಕೇಳದ ಪ್ರಶ್ನೆಗೆ ಲ್ಯಾಬು ಉತ್ತರಿಸುವುದಿಲ್ಲ ಎಂಬುದು ಇನ್ನೊಂದು ಮಿತಿ. ರಿಂಗರ್ಸ್ ಲ್ಯಾಕ್ಟೇಟಿನಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಎಲ್ಲವೂ ಅಳತೆಗೆ ಸರಿಯಾಗಿರಬಹುದು; ಆದರೂ ಅದರಲ್ಲಿ ಎಂಡೋಟಾಕ್ಸಿನ್ ಎಂಬ ವಿಷ ಇರಬಹುದು. ಇದು ಸತ್ತ ಬ್ಯಾಕ್ಟೀರಿಯಾಗಳ ಹೊರಕವಚದ ಅಂಶ. ಬಾಟಲಿಗಳನ್ನು ಹಬೆಯಲ್ಲಿ ಬೇಯಿಸಿದರೆ ಕ್ರಿಮಿ ಸಾಯುತ್ತದೆ, ಈ ವಿಷ ಉಳಿಯುತ್ತದೆ. ರಕ್ತಕ್ಕೆ ಸೇರಿದರೆ ಚಳಿ, ಜ್ವರ, ರಕ್ತದೊತ್ತಡದ ಕುಸಿತ ತರಬಲ್ಲದು. ಅದಕ್ಕೆ ಬೇರೆಯದೇ ಪರೀಕ್ಷೆ ಬೇಕು. ಕೆಮ್ಮಿನ ಸಿರಪ್ಪಿನ ಕಥೆಯೂ ಇದೇ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದಾಗ ಮೊದಲು ನೋಡಿದ ಕೆಲವು ಮಾದರಿಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇಲ್ಲವೆಂಬ ವರದಿ ಬಂತು. ತಮಿಳುನಾಡಿನ ಲ್ಯಾಬು ಕೋಲ್ಡ್‌ರಿಫ್ ಸಿರಪ್ಪಿನ ಮಾದರಿಯನ್ನು ಪರೀಕ್ಷಿಸಿದಾಗ ಸಿಕ್ಕ ಆ ವಿಷದ ಪ್ರಮಾಣ ಶೇ. 48.6. ಇದು ಹೊಸ ವಿಷವಲ್ಲ. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು, 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳನ್ನು ಕೊಂದದ್ದು ಇದೇ. ಸಿರಪ್ಪಿನಲ್ಲಿ ಔಷಧಾಂಶ ಎಷ್ಟಿದೆ ಎಂದು ಮಾತ್ರ ಅಳೆದರೆ, ಆ ಔಷಧವನ್ನು ಕರಗಿಸಿದ ದ್ರವವೇ ವಿಷವೆಂಬುದು ತಿಳಿಯುವುದಿಲ್ಲ.

ಫೇಲಾದದ್ದೆಲ್ಲ ನಕಲಿ ಎಂಬ ನಂಬಿಕೆಯೂ ಸರಿಯಲ್ಲ. 2024ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯಲ್ಲಿ ಫೇಲಾದ ಔಷಧಿಗಳ ಬಗ್ಗೆ ಕೇಂದ್ರ ಔಷಧ ಸಂಸ್ಥೆಯ ಪಟ್ಟಿ ಹೊರಬಿದ್ದಾಗ ಬೆಂಗಳೂರಿನ ಸಾರ್ವಜನಿಕ ಉದ್ಯಮ ಕರ್ನಾಟಕ ಆ್ಯಂಟಿಬಯೋಟಿಕ್ಸ್‌ನ ಪ್ಯಾರಾಸಿಟಮಾಲ್ ಮಾತ್ರೆಯೂ ಅದರಲ್ಲಿತ್ತು. ಪ್ಯಾರಾಸಿಟಮಾಲೇ ವಿಷ ಎಂಬಂತೆ ಸುದ್ದಿ ಹಬ್ಬಿತು. ಇಂಥ ಪಟ್ಟಿ ಹೇಳುವುದು ನಿರ್ದಿಷ್ಟ ಬ್ಯಾಚುಗಳ ಬಗ್ಗೆ. ಮಾತ್ರೆ ಗೊತ್ತಾದ ಹೊತ್ತಿನೊಳಗೆ ಸಾಕಷ್ಟು ಕರಗದಿದ್ದರೂ, ತೂಕದಲ್ಲಿ ಏರುಪೇರಾದರೂ ಅದು ಫೇಲೇ. ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆ 2014–16ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಕಳಪೆ ಔಷಧಿ ಶೇ. 3.16, ನಕಲಿ ಶೇ. 0.0245. ಎರಡರ ನಡುವೆ ನೂರು ಪಟ್ಟಿಗೂ ಹೆಚ್ಚು ಅಂತರವಿದೆ. ನಮ್ಮನ್ನು ಕಾಡಬೇಕಾದದ್ದು ಕತ್ತಲ ಕೋಣೆಯಲ್ಲಿ ನಕಲಿ ಮಾತ್ರೆ ಒತ್ತುವವನಿಗಿಂತ ಹೆಚ್ಚಾಗಿ ಲೈಸೆನ್ಸ್ ಇದ್ದೂ ಅಜಾಗರೂಕವಾಗಿ ತಯಾರಿಸುವ ಕಾರ್ಖಾನೆ. ಅದೇ ಸಮೀಕ್ಷೆಯಲ್ಲಿ ಸರ್ಕಾರಿ ಸರಬರಾಜಿನ ಔಷಧಿಗಳಲ್ಲಿ ಕಳಪೆಯ ಪಾಲು ಸುಮಾರು ಶೇ. 10, ಅಂಗಡಿಗಳಲ್ಲಿ ಸುಮಾರು ಶೇ. 3. ಸರ್ಕಾರಿ ಆಸ್ಪತ್ರೆಯ ಮಾತ್ರೆಯ ಬಗ್ಗೆ ಜನ ಗೊಣಗುವುದು ಬರೀ ಪೂರ್ವಗ್ರಹವಲ್ಲ ಎಂಬುದನ್ನು ಒಪ್ಪಬೇಕು. ಆದರೆ ಇದರಿಂದ ಅಗ್ಗದ್ದೆಲ್ಲ ಕಳಪೆ ಎಂದಾಗುವುದಿಲ್ಲ: ಜನೌಷಧಿ ಮಳಿಗೆಗೆ ಬರುವ ಬ್ಯಾಚುಗಳನ್ನು ಹಂಚುವ ಮೊದಲು ಮಾನ್ಯತೆ ಪಡೆದ ಲ್ಯಾಬುಗಳಲ್ಲಿ ಪರೀಕ್ಷಿಸುವ ಪದ್ಧತಿಯಿದೆ. ಬೆಲೆಯ ಚೀಟಿಯಿಂದ ಗುಣಮಟ್ಟ ಗೊತ್ತಾಗುವುದಿಲ್ಲ.

ಕಾನೂನು ಈ ವಿಷಯವನ್ನು ಹೇಗೆ ನೋಡುತ್ತದೆ ಎಂಬುದು ನನಗೆ ಎಲ್ಲಕ್ಕಿಂತ ಚಿಂತೆಯ ಸಂಗತಿ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಂತೆ ಅಂಗಡಿಯಿಂದ ತೆಗೆದ ಮಾದರಿಯನ್ನು ನಾಲ್ಕು ಪಾಲು ಮಾಡಬೇಕು. ರಾಜ್ಯದ ವಿಶ್ಲೇಷಕರ ವರದಿಯನ್ನು 28 ದಿನದೊಳಗೆ ಪ್ರಶ್ನಿಸಿದರೆ ನ್ಯಾಯಾಲಯ ಇನ್ನೊಂದು ಪಾಲನ್ನು ಕೇಂದ್ರದ ಲ್ಯಾಬಿಗೆ ಕಳಿಸಬಹುದು, ಆ ಲ್ಯಾಬಿನ ವರದಿಯೇ ಅಂತಿಮ. ತಪ್ಪು ಮಾಡದ ತಯಾರಕನಿಗೆ ಅನ್ಯಾಯವಾಗಬಾರದು, ವ್ಯಾಜ್ಯ ಎಲ್ಲಾದರೂ ಮುಗಿಯಲೇಬೇಕು ಎಂಬ ವಾದದಲ್ಲಿ ಹುರುಳಿದೆ. ಮಾತ್ರೆಯಲ್ಲಿ ಔಷಧಾಂಶ ಎಷ್ಟಿದೆ ಎಂಬಂಥ ಪ್ರಶ್ನೆಗೆ ಈ ಏರ್ಪಾಡು ಸರಿಯಾದದ್ದೇ, ಏಕೆಂದರೆ ಒಂದೇ ಮಿಶ್ರಣದಿಂದ ಬಂದ ನಾಲ್ಕು ಪಾಲೂ ಹೆಚ್ಚುಕಡಿಮೆ ಒಂದೇ. ಕ್ರಿಮಿಯ ವಿಷಯದಲ್ಲಿ ಹಾಗಲ್ಲ. ಒಬ್ಬರಿಗೆ ಸಿಕ್ಕ ಬಾಟಲಿಯಲ್ಲಿ ಕಂಡ ದೋಷ, ಇನ್ನೊಬ್ಬರಿಗೆ ಹೋದ ಬೇರೆ ಬಾಟಲಿಯಲ್ಲಿ ಕಾಣಲಿಲ್ಲ ಎಂಬ ಕಾರಣಕ್ಕೆ ಅಳಿಸಿಹೋಗುವುದಿಲ್ಲ. ನ್ಯಾಯಾಲಯ ಯಾರಿಗೆ ಶಿಕ್ಷೆ ಕೊಡಬೇಕೆಂಬುದು ಒಂದು ಪ್ರಶ್ನೆ, ವಾರ್ಡಿನಲ್ಲಿ ಆ ಬಾಟಲಿಯನ್ನು ನೇತುಹಾಕಬೇಕೇ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಅನುಮಾನದ ಲಾಭ ಆರೋಪಿಗೆ ಸಿಗಲಿ. ಎರಡನೆಯದರಲ್ಲಿ ಅದು ರೋಗಿಗೇ ಸಿಗಬೇಕು. ಕಂಪನಿಯೊಂದರ ಹಲವು ಬ್ಯಾಚುಗಳು ಫೇಲಾಗಿದ್ದರೆ ನಂತರ ಬಂದ ಪಾಸ್ ವರದಿಯನ್ನು ಹಿಡಿದು ಉಳಿದವನ್ನು ಬಿಡುಗಡೆ ಮಾಡುವ ಮೊದಲು ಆ ಕಾರ್ಖಾನೆಯ ನೀರು, ಕ್ರಿಮಿನಾಶದ ಯಂತ್ರ, ದಾಖಲೆಗಳನ್ನು ಹೋಗಿ ನೋಡಬೇಕು.

ಇಷ್ಟೆಲ್ಲ ಹೇಳಿದರೆ ಜನ ಔಷಧಿಯನ್ನೇ ಬಿಟ್ಟುಬಿಡುತ್ತಾರೆ ಎಂಬ ಆಕ್ಷೇಪಣೆ ಬರಬಹುದು. ಬಿಡಬಾರದು: ಅದೇ ಸಮೀಕ್ಷೆಯ ಲೆಕ್ಕದಲ್ಲಿ ನೂರರಲ್ಲಿ ಸುಮಾರು 97 ಮಾದರಿಗಳು ಸರಿಯಾಗಿಯೇ ಇದ್ದವು, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸುವುದರಿಂದ ಆಗುವ ಹಾನಿ ಕಳಪೆ ಬ್ಯಾಚು ಸಿಗುವ ಅಪಾಯಕ್ಕಿಂತ ಬಹಳ ದೊಡ್ಡದು. ಮಾಡಬೇಕಾದದ್ದು ಬೇರೆ. ಲ್ಯಾಬಿಗೆ ಕಾಣದ ದೋಷ ಮೊದಲು ಕಾಣುವುದು ರೋಗಿಯ ಮೈಮೇಲೆ. ಡ್ರಿಪ್ ಏರಿಸಿದ ಕೂಡಲೇ ನಡುಕ ಬಂದರೆ ದಾದಿಗೆ ತಕ್ಷಣ ಹೇಳಿ, ಬಾಟಲಿಯನ್ನು ಎಸೆಯದಂತೆ ಕೇಳಿಕೊಂಡು, ಬ್ಯಾಚ್ ನಂಬರ್ ಬರೆದುಕೊಳ್ಳಬೇಕು. 2010ರಲ್ಲಿ ಶುರುವಾದ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ಇಂಥ ದೂರನ್ನು ವೈದ್ಯರಷ್ಟೇ ಅಲ್ಲ, ರೋಗಿಯ ಮನೆಯವರೂ ಕೊಡಬಹುದು. ಉಚಿತ ಕರೆಯ ಸಂಖ್ಯೆ 1800-180-3024. ಒಂದೇ ಬ್ಯಾಚಿನ ಬಗ್ಗೆ ಚಿಕ್ಕಬಳ್ಳಾಪುರದಿಂದ ಒಂದು, ಬಳ್ಳಾರಿಯಿಂದ ಎರಡು ದೂರು ಹೋದರೆ, 14 ದಿನದ ಪರೀಕ್ಷೆ ಮುಗಿಯುವ ಮೊದಲೇ ಉಳಿದ ಬಾಟಲಿಗಳನ್ನು ತಡೆಯಲು ಆಧಾರ ಸಿಗುತ್ತದೆ.