ಹುಲಿಯ ಮೇಲೆ ಸಿಂಹ: ಒಂದು ಪದಕವನ್ನು ಓದುವುದು ಹೇಗೆ?

ಸ್ಪೋರ್ಟ್ಸ್ ಡೇಯಲ್ಲಿ ಸಿಕ್ಕ ಮೆಡಲ್ ನಮ್ಮೆಲ್ಲರ ಮನೆಯಲ್ಲೂ ಒಂದೆರಡು ಇರುತ್ತೆ. ಓಡಿ ಗೆದ್ದವರಿಗೆ ಕೊಡೋ ಪದಕ ಅದು. ಇತಿಹಾಸದಲ್ಲಿ ಇನ್ನೊಂದು ಜಾತಿಯ ಪದಕಗಳಿವೆ. ಒಂದು ಯುದ್ಧ ಮುಗಿದ ಮೇಲೆ, ಒಂದು ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ, ಒಬ್ಬ ರಾಜನಿಗೆ ಪಟ್ಟ ಕಟ್ಟಿದ ಮೇಲೆ ಅದರ ನೆನಪಿಗೆ ಅಂತ ಲೋಹದಲ್ಲಿ ಒತ್ತಿಸಿದ ಪದಕಗಳು. ಇವನ್ನು ಸ್ಮಾರಕ ಪದಕ ಅಂತಾರೆ. ನೋಡೋಕೆ ನಾಣ್ಯದ ಹಾಗೇ ಇರುತ್ತವೆ, ಆದರೆ ಇವನ್ನು ಕೊಟ್ಟು ಅಂಗಡಿಯಲ್ಲಿ ಒಂದು ಬಾಳೆಹಣ್ಣೂ ಕೊಳ್ಳೋಕಾಗಲ್ಲ. ಮತ್ತೆ ಯಾಕೆ ಒತ್ತಿಸ್ತಾರೆ? "ಆದದ್ದು ಹೀಗೆ" ಅಂತ ಮುಂದಿನವರಿಗೆ ಹೇಳೋಕೆ.

ಒಂದು ರೀತಿಯಲ್ಲಿ ಇದು ಲೋಹದ ಪ್ರೆಸ್ ರಿಲೀಸ್. ಹಾಗಾಗಿ ಇವನ್ನು ಸಂಗ್ರಹಿಸುವವರು ಬರೀ ಚಿನ್ನ ಬೆಳ್ಳಿ ನೋಡಿದರೆ ಸಾಲದು, ಅದರ ಮೇಲಿನ ಮಾತನ್ನೂ ಓದಬೇಕು. ಓದೋದು ಹೇಗೆ ಅಂತ ತಿಳಿಯೋಕೆ ನಾವು ಮೂರು ಪದಕಗಳನ್ನು ಆರಿಸಿಕೊಂಡಿದ್ದೇವೆ. ಮೂರರಲ್ಲೂ ಇರೋದು ನಮ್ಮ ಶ್ರೀರಂಗಪಟ್ಟಣದ ಕಥೆ. ಆದರೆ ಮೂರನ್ನೂ ಒತ್ತಿಸಿದವರು ಇನ್ನೊಂದು ಪಕ್ಷದವರು.

ಮೊದಲನೆಯದು: ಒತ್ತೆಯಾಳು ಮಕ್ಕಳು

ಮೂರನೇ ಮೈಸೂರು ಯುದ್ಧ 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದೊಂದಿಗೆ ಮುಗಿಯಿತು. ಟಿಪ್ಪು ಸುಲ್ತಾನ್ ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಕಟ್ಟಬೇಕಾಯಿತು. ಹಣ ಪೂರ್ತಿ ಸಂದಾಯ ಆಗೋವರೆಗೆ ಭದ್ರತೆಗೆ ಅಂತ ತನ್ನ ಇಬ್ಬರು ಮಕ್ಕಳನ್ನು ಕಂಪನಿಯ ವಶಕ್ಕೆ ಕೊಡಬೇಕಾಯಿತು. ಹತ್ತರ ಆಸುಪಾಸಿನ ಹುಡುಗರು. ಅವರು ವಾಪಸ್ ಬಂದದ್ದು 1794ರಲ್ಲಿ.

ಈ ಘಟನೆಗೆ ಇಂಗ್ಲೆಂಡಿನಲ್ಲಿ ಒಂದು ಪದಕ ತಯಾರಾಯಿತು. ಒಂದು ಬದಿಯಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಮುಖ. ಇನ್ನೊಂದು ಬದಿಯಲ್ಲಿ ಆತ ಆ ಮಕ್ಕಳನ್ನು ಬರಮಾಡಿಕೊಳ್ಳುತ್ತಿರುವ ದೃಶ್ಯ. ಸುತ್ತ ಲ್ಯಾಟಿನ್‌ನಲ್ಲಿ ಒಂದು ಸಾಲು, ಅರ್ಥ ಹೆಚ್ಚುಕಡಿಮೆ ಹೀಗೆ: ಶತ್ರುವಿಗೆ ಕ್ಷಮೆ ತೋರುವುದೇ ಧರ್ಮವಾಗಲಿ. ಅಂದರೆ ಒತ್ತೆಯಾಳುಗಳನ್ನು ಹಿಡಿದದ್ದು ಪದಕದಲ್ಲಿ ದಯೆಯಾಗಿಬಿಟ್ಟಿದೆ! ನಡೆದ ಘಟನೆ ಅದೇ, ಆದರೆ ಅದಕ್ಕೆ ಕೊಟ್ಟ ಕ್ಯಾಪ್ಶನ್ ಬೇರೆ.

ಎರಡನೆಯದು: ಸಿಪಾಯಿಯ ಕಾಲು

ಅದೇ ಯುದ್ಧಕ್ಕೆ ಈಸ್ಟ್ ಇಂಡಿಯಾ ಕಂಪನಿ ತನ್ನ ಭಾರತೀಯ ಅಧಿಕಾರಿಗಳಿಗೂ ಸಿಪಾಯಿಗಳಿಗೂ ಅಂತಲೇ ಇನ್ನೊಂದು ಪದಕ ಕೊಟ್ಟಿತು. ಸುಬೇದಾರರಿಗೆ ಚಿನ್ನದ್ದು, ಅವರಿಗಿಂತ ಕೆಳಗಿನವರಿಗೆ ಬೆಳ್ಳಿಯದು. ಇದರ ಮೇಲೆ ಕಾಣೋದು ಗವರ್ನರ್ ಅಲ್ಲ, ಒಬ್ಬ ಸಿಪಾಯಿ. ಒಂದು ಕೈಯಲ್ಲಿ ಬ್ರಿಟಿಷ್ ಬಾವುಟ ಹಿಡಿದು, ಉರುಳಿ ಬಿದ್ದ ತೋಪಿನ ಮೇಲೆ ಕಾಲಿಟ್ಟು ನಿಂತಿದ್ದಾನೆ. ಹಿಂದೆ ಶ್ರೀರಂಗಪಟ್ಟಣದ ಕೋಟೆ.

ನಮ್ಮ ನೆಲದವನೇ ನಮ್ಮ ಕೋಟೆಯ ಮುಂದೆ ಬೇರೆಯವರ ಬಾವುಟ ಹಿಡಿದು ನಿಂತ ಚಿತ್ರ ಅದು. "ಈ ಗೆಲುವು ನಿನ್ನದೂ ಹೌದು" ಅಂತ ಅವನಿಗೆ ಅನ್ನಿಸಬೇಕಲ್ಲ? ಅನ್ನಿಸಿದರೆ ತಾನೇ ಮುಂದಿನ ಯುದ್ಧಕ್ಕೂ ಬರೋದು! ಮೊದಲನೇ ಪದಕ ಲಂಡನ್ನಿನ ಜನರನ್ನು ಒಪ್ಪಿಸೋಕೆ, ಎರಡನೆಯದು ಸಿಪಾಯಿಯನ್ನು ಒಪ್ಪಿಸೋಕೆ. ಪದಕ ನೋಡಿದಾಗ "ಇದು ಯಾರ ಕೈಗೆ ಹೋಗಲಿ ಅಂತ ಮಾಡಿದ್ದು?" ಅಂತ ಕೇಳಬೇಕು ಅನ್ನೋದು ಇದಕ್ಕೇ.

ಮೂರನೆಯದು: ಕದ್ದ ಮಾತು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಅಲ್ಲೇ ಸತ್ತ. ಕಂಪನಿ ಈ ಸಲ ಪದಕದ ಕೆಲಸವನ್ನು ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೋ ಟಂಕಸಾಲೆಗೆ ಕೊಟ್ಟಿತು. ಸೋಹೋ ಹೆಸರು ಕೇಳಿದರೆ ನಮ್ಮ ಮೆಕ್ಯಾನಿಕಲ್ ಗೆಳೆಯರ ಕಿವಿ ನೆಟ್ಟಗಾಗಬೇಕು. ಅದರ ಮಾಲೀಕ ಮ್ಯಾಥ್ಯೂ ಬೋಲ್ಟನ್, ಅಂದರೆ ಜೇಮ್ಸ್ ವ್ಯಾಟ್‌ನ ಪಾರ್ಟ್‌ನರ್. ಉಗಿ ಎಂಜಿನ್ನಿನ ಬಲದಿಂದ ನಾಣ್ಯ ಒತ್ತುವ ಯಂತ್ರಗಳನ್ನು ನಡೆಸಿದ ಜಾಗ ಅದು. ವಿನ್ಯಾಸ ಮಾಡಿದವನು ಕೋನ್ರಾಡ್ ಹೈನ್‌ರಿಖ್ ಕ್ಯೂಖ್ಲರ್, ಕಾರ್ನ್‌ವಾಲಿಸ್ ಪದಕದ ಕಲಾವಿದನೂ ಇವನೇ.

ಮುಂಭಾಗದಲ್ಲಿ ಒಂದು ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿ ಅದರ ಮೇಲೆ ನಿಂತಿದೆ. ಸಿಂಹ ಬ್ರಿಟನ್, ಹುಲಿ ಟಿಪ್ಪು. ಟಿಪ್ಪುವಿನ ಸಿಂಹಾಸನ, ಫಿರಂಗಿ, ಸೈನಿಕರ ಬಟ್ಟೆ ಎಲ್ಲದರ ಮೇಲೂ ಹುಲಿ ಅಥವಾ ಹುಲಿಯ ಪಟ್ಟೆ ಇರುತ್ತಿತ್ತು. ಯುರೋಪಿಯನ್ನನ ಮೇಲೆ ಬಿದ್ದಿರುವ ಹುಲಿಯ ಆ ಪ್ರಸಿದ್ಧ ಮರದ ಯಂತ್ರದ ಬೊಂಬೆ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಬೊಂಬೆಯ ಫೋಟೋ ಮತ್ತು ಪದಕದ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಹುಲಿ ಮೇಲೆ, ಇನ್ನೊಂದರಲ್ಲಿ ಹುಲಿ ಕೆಳಗೆ.

ಇಷ್ಟು ಯಾರಿಗಾದರೂ ಗೊತ್ತಾಗುತ್ತೆ. ನಿಜವಾದ ಆಟ ಇರೋದು ಅಕ್ಷರಗಳಲ್ಲಿ. ಸಿಂಹದ ಮೇಲೆ ಹಾರುವ ಬಾವುಟದಲ್ಲಿ ಅರಬ್ಬಿಯಲ್ಲಿ "ಅಸದುಲ್ಲಾಹಿಲ್ ಗಾಲಿಬ್" ಅಂತ ಬರೆದಿದೆ. ಅಂದರೆ "ದೇವರ ಸಿಂಹವೇ ಜಯಶಾಲಿ". ಈ ಮಾತು ಬ್ರಿಟಿಷರದ್ದಲ್ಲ, ಟಿಪ್ಪುವಿನದು! ಅವನ ಆಯುಧಗಳ ಮೇಲೂ ಬಾವುಟಗಳ ಮೇಲೂ ಇದೇ ಮಾತನ್ನು ಹುಲಿಯ ಮುಖದ ಆಕಾರ ಬರುವ ಹಾಗೆ ಬರೆಯುತ್ತಿದ್ದರು. ದೇವರ ಸಿಂಹ ಅನ್ನೋದು ಹಜರತ್ ಅಲಿಯವರ ಬಿರುದು. ಟಿಪ್ಪುವಿನ ತಂದೆಯ ಹೆಸರಿನಲ್ಲಿರುವ "ಹೈದರ್" ಅನ್ನೋದಕ್ಕೂ ಸಿಂಹ ಅಂತಲೇ ಅರ್ಥ. ಆ ಮಾತನ್ನು ಕಿತ್ತುಕೊಂಡು ಕಂಪನಿ ತನ್ನ ಸಿಂಹದ ತಲೆ ಮೇಲೆ ಕಟ್ಟಿಬಿಟ್ಟಿತು.

ಹಿಂಭಾಗದಲ್ಲಿ ಕೋಟೆಗೆ ಲಗ್ಗೆ ಹಾಕುವ ದೃಶ್ಯ. ಸೂರ್ಯ ನಡುನೆತ್ತಿಯಲ್ಲಿದ್ದಾನೆ, ಯಾಕೆಂದರೆ ದಾಳಿ ನಡೆದದ್ದು ಮಧ್ಯಾಹ್ನ. ಕೆಳಗಿನ ಪಟ್ಟಿಯಲ್ಲಿ ಪಾರ್ಸಿ ಬರಹ: ಶ್ರೀರಂಗಪಟ್ಟಣವನ್ನು ದೇವರು ಕೊಟ್ಟ, ಜೊತೆಗೆ ಹಿಜರಿ 1213ರ ತಾರೀಕು. "ದೇವರು ಕೊಟ್ಟ" ಅನ್ನೋದಕ್ಕೆ ಪಾರ್ಸಿಯಲ್ಲಿ "ಖುದಾ ದಾದ್". ಟಿಪ್ಪು ತನ್ನ ಸರ್ಕಾರವನ್ನು ಕರೆಯುತ್ತಿದ್ದದ್ದು "ಸರ್ಕಾರ್ ಎ ಖುದಾದಾದ್" ಅಂತ. ಮೊನ್ನೆವರೆಗೆ ದೇವರು ಇವನಿಗೆ ಕೊಟ್ಟಿದ್ದ, ಇವತ್ತಿನಿಂದ ನಮಗೆ ಕೊಟ್ಟ ಅನ್ನೋ ಹಾಗೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಒತ್ತಿದ ಲೋಹದ ಬಿಲ್ಲೆಯ ಮೇಲೆ ಶ್ರೀರಂಗಪಟ್ಟಣದ ದರ್ಬಾರಿನ ಭಾಷೆಯಲ್ಲಿ ಇಷ್ಟು ಚೂಪಾದ ಮಾತು!

ಯಾರಿಗೆ ಯಾವ ಲೋಹ?

ಈ ಪದಕವನ್ನು ಐದು ಬಗೆಯಲ್ಲಿ ಮಾಡಿದರು. ತೀರಾ ಮೇಲಿನವರಿಗೆ ಚಿನ್ನ, ನಂತರದ ಹಿರಿಯ ಅಧಿಕಾರಿಗಳಿಗೆ ಚಿನ್ನದ ನೀರು ಹಾಕಿದ ಬೆಳ್ಳಿ, ಕ್ಯಾಪ್ಟನ್ ಮತ್ತು ಅವರ ಕೆಳಗಿನ ಅಧಿಕಾರಿಗಳಿಗೆ ಬೆಳ್ಳಿ, ಹವಾಲ್ದಾರ್ ಮಟ್ಟದವರಿಗೆ ಕಂಚು, ಸಾಮಾನ್ಯ ಸೈನಿಕರಿಗೂ ಸಿಪಾಯಿಗಳಿಗೂ ತವರ. ಚಿತ್ರ ಎಲ್ಲದರ ಮೇಲೂ ಒಂದೇ. 1792ರಲ್ಲಿ ಬೆಳ್ಳಿ ಪಡೆದಿದ್ದ ಸಿಪಾಯಿ 1799ಕ್ಕೆ ತವರಕ್ಕೆ ಇಳಿದಿದ್ದ. ಆ ಸೈನ್ಯದಲ್ಲಿ ಹೆಚ್ಚಿನವರು ಭಾರತೀಯರೇ ಅನ್ನೋದನ್ನು ನೆನಪಿಡಿ.

ಮೆಟೀರಿಯಲ್ ಸೈನ್ಸ್ ಓದಿದವರಿಗೆ ಇದರ ಮುಂದಿನ ಭಾಗ ಗೊತ್ತಾಗಿಬಿಡುತ್ತೆ. ತವರ ಮೆತ್ತಗಿನ ಲೋಹ. ಜೇಬಿನಲ್ಲಿಟ್ಟು ಓಡಾಡಿದರೂ ಸಾಕು, ಸಿಂಹದ ಕೂದಲು ಅಳಿಸಿಹೋಗುತ್ತೆ. ಪೆಟ್ಟಿಗೆಯಲ್ಲಿ ಭದ್ರವಾಗಿದ್ದ ಚಿನ್ನದ್ದು ಹೊಚ್ಚ ಹೊಸದರಂತೆ ಉಳಿಯುತ್ತೆ. ಹಾಗಾಗಿ ಸಂಖ್ಯೆಯಲ್ಲಿ ಹೆಚ್ಚಾಗಿದ್ದ ತವರದ ಪದಕಗಳಲ್ಲೂ ಗೆರೆ ಚೆನ್ನಾಗಿ ಉಳಿದದ್ದು ಸಿಕ್ಕರೆ ಸಂಗ್ರಾಹಕರು ಬಿಡಲ್ಲ. ಇನ್ನೊಂದು ವಿಷಯ: ಈ ಪದಕಕ್ಕೆ ಕೊಕ್ಕೆಯಾಗಲಿ ರಿಬ್ಬನ್ ಆಗಲಿ ಕೊಟ್ಟಿರಲಿಲ್ಲ. ಪಡೆದವರು ತಾವೇ ತೂತು ಹಾಕಿಸಿದರು, ಬಳೆ ಹಾಕಿಸಿದರು. ಆ ತೂತನ್ನು "ಡ್ಯಾಮೇಜ್" ಅಂತ ತಳ್ಳಿಹಾಕಬೇಡಿ. ಯಾರೋ ಒಬ್ಬರು ಅದನ್ನು ಎದೆ ಮೇಲೆ ಹಾಕಿಕೊಂಡು ಓಡಾಡಿದ್ದರು ಅನ್ನೋದಕ್ಕೆ ಅದೇ ಸಾಕ್ಷಿ ಇರಬಹುದು.

ಅಸಲಿಯೋ ನಕಲಿಯೋ?

ಬೆಲೆ ಇರೋ ವಸ್ತು ಅಂದ ಮೇಲೆ ನಕಲಿ ಇದ್ದೇ ಇರುತ್ತೆ. ಇಲ್ಲಿ ನಮ್ಮ ಸಿಲಬಸ್ ನಿಜವಾಗಲೂ ಉಪಯೋಗಕ್ಕೆ ಬರುತ್ತೆ.

ಮೊದಲು ಸಾಂದ್ರತೆ. ಪದಕವನ್ನು ಗಾಳಿಯಲ್ಲಿ ಒಮ್ಮೆ, ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿ. ಗಾಳಿಯ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತೆ. ತವರಕ್ಕೆ ಸುಮಾರು 7.3, ತಾಮ್ರಕ್ಕೆ 8.9, ಬೆಳ್ಳಿಗೆ 10.5, ಚಿನ್ನಕ್ಕೆ 19.3. ಚಿನ್ನದ ಬಣ್ಣ ಇದ್ದು ಉತ್ತರ 10ರ ಹತ್ತಿರ ಬಂದರೆ ಅದು ಚಿನ್ನದ ನೀರು ಹಾಕಿದ ಬೆಳ್ಳಿ. ಆರ್ಕಿಮಿಡೀಸ್ ಕಿರೀಟಕ್ಕೆ ಮಾಡಿದ್ದನ್ನೇ ನಾವು ಪದಕಕ್ಕೆ ಮಾಡ್ತೀವಿ, ಅಷ್ಟೇ.

ಆಮೇಲೆ ಅಂಚು ಮತ್ತು ಅಳತೆ. ಅಸಲಿಯನ್ನು ಉಕ್ಕಿನ ಡೈಗಳ ನಡುವೆ ಒತ್ತಿರುತ್ತಾರೆ, ಹಾಗಾಗಿ ಗೆರೆಗಳು ಚೂಪಾಗಿರುತ್ತವೆ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿಯಲ್ಲಿ ಗಾಳಿಗುಳ್ಳೆಯ ಸಣ್ಣ ಗುಳಿಗಳು ಕಾಣುತ್ತವೆ, ಲೋಹ ಆರಿದಾಗ ಕುಗ್ಗುವುದರಿಂದ ವ್ಯಾಸವೂ ಸ್ವಲ್ಪ ಕಡಿಮೆ ಬರುತ್ತೆ. ಎಲೆಕ್ಟ್ರೋಪ್ಲೇಟಿಂಗ್ ಮಾಡಿ ಎರಡು ಚಿಪ್ಪು ಅಂಟಿಸಿದ ಪ್ರತಿಯಾದರೆ ಅಂಚಿನ ಸುತ್ತ ಸೇರಿಸಿದ ಗೆರೆ ಕಾಣುತ್ತೆ. ಆದರೆ ಅವಸರ ಬೇಡ: ಸೋಹೋದಲ್ಲಿ ಒತ್ತಿದ ಪದಕ ಸುಮಾರು 48 ಮಿಲಿಮೀಟರ್, ಕಲ್ಕತ್ತಾ ಟಂಕಸಾಲೆಯಲ್ಲಿ ಒತ್ತಿದ್ದು ಸುಮಾರು 45. ಚಿಕ್ಕದು ಅಂದ ಮಾತ್ರಕ್ಕೆ ನಕಲಿ ಅಲ್ಲ.

ಕೊನೆಯದಾಗಿ, ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ಟೂತ್‌ಪೇಸ್ಟ್, ಪಾಲಿಶ್ ಏನೂ ಬೇಡ. ಇನ್ನೂರು ವರ್ಷದಲ್ಲಿ ಕೂತ ಬಣ್ಣ ಒಂದು ಸಲ ಹೋದರೆ ಮತ್ತೆ ಬರಲ್ಲ.

ಕಾನೂನು ಮತ್ತು ನಮ್ಮ ಜೇಬು

ನೂರು ವರ್ಷ ದಾಟಿದ ಇಂಥ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. "ಶ್ರೀರಂಗಪಟ್ಟಣದ ಹೊಲದಲ್ಲಿ ಸಿಕ್ಕಿದ್ದು ಸಾರ್" ಅಂತ ಯಾರಾದರೂ ಮಾರೋಕೆ ಬಂದರೆ ದೂರ ಇರಿ. ಒಂದೋ ಅದು ಸುಳ್ಳು, ಇಲ್ಲವೋ ನೆಲದಲ್ಲಿ ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸದೆ ಮಾರುವ ಅಪರಾಧ.

ನಮ್ಮ ಪಾಕೆಟ್ ಮನಿಗೆ ಬೆಳ್ಳಿಯ ಪದಕ ಎಟುಕಲ್ಲ, ಪರವಾಗಿಲ್ಲ. ದೊಡ್ಡ ಮ್ಯೂಸಿಯಂಗಳು ತಮ್ಮ ಪದಕಗಳ ಫೋಟೋಗಳನ್ನು ಎಲ್ಲರೂ ನೋಡುವ ಹಾಗೆ ಇಟ್ಟಿವೆ. ಒಂದು ಫೋಲ್ಡರ್ ಮಾಡಿ. ಪ್ರತಿ ಪದಕದ ಜೊತೆ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ: ಒತ್ತಿಸಿದವರು ಯಾರು? ಯಾರಿಗಾಗಿ? ಚಿತ್ರದಲ್ಲಿ ಯಾರಿದ್ದಾರೆ? ಚಿತ್ರದಲ್ಲಿ ಯಾರಿಲ್ಲ?

ನಾಲ್ಕನೇ ಪ್ರಶ್ನೆಯೇ ಮುಖ್ಯ ಅಂತ ನಮಗೆ ಅನ್ನಿಸುತ್ತೆ. ಟಿಪ್ಪು ಅಂದ ಕೂಡಲೇ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಜಗಳ ಶುರುವಾಗುತ್ತೆ, ಇಂಥ ಪದಕದ ಫೋಟೋಗಳು ಎರಡೂ ಕಡೆಯವರ ಕೈಯಲ್ಲಿ ಪುರಾವೆಯಾಗಿ ಓಡಾಡಬಹುದು. ಆದರೆ ಸಿಂಹ ಹುಲಿಯ ಪದಕ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅಂತ ಹೇಳಲ್ಲ. ಕಂಪನಿ ತನ್ನನ್ನು ಹೇಗೆ ತೋರಿಸಿಕೊಳ್ಳೋಕೆ ಬಯಸಿತು ಅನ್ನೋದನ್ನು ಮಾತ್ರ ಹೇಳುತ್ತೆ. ಟಿಪ್ಪು ಅದರಲ್ಲಿ ಮನುಷ್ಯನಾಗಿ ಇಲ್ಲವೇ ಇಲ್ಲ, ಬರೀ ಹುಲಿ. ಕೋಟೆಯೊಳಗೆ ಆ ಮಧ್ಯಾಹ್ನ ಸಿಕ್ಕಿಹಾಕಿಕೊಂಡ ಊರಿನವರೂ ಇಲ್ಲ. ಅವರ ನೆನಪಿಗೆ ಅಂತ ಯಾವ ಟಂಕಸಾಲೆಯೂ ತವರದ ಒಂದು ಬಿಲ್ಲೆಯನ್ನೂ ಒತ್ತಲಿಲ್ಲ.