ಇಂಡೋನೇಶ್ಯಾದ ಜಕಾತಿ, ನಮ್ಮ ಕಬ್ಬು ಮತ್ತು ಸೋಯಾಬೀನ್



ಕಬ್ಬಿನ ನೋಂದಣಿಗೆಂದು ಶಿರೂರ ಅನಂತಪಾಳದ ಕಡೆಗೆ ಹೋದಾಗ ಹಿರಿಯ ಸದಸ್ಯರೊಬ್ಬರು ಕೇಳಿದರು: "ಸಾಹೇಬ್ರ, ದಿಲ್ಲಿಯವರು ಯಾವುದೋ ದೇಶದ ಕೂಡ ಕರಾರು ಮಾಡ್ಕೊಂಡರ ನಮ್ಮ ಹೊಲಕ್ಕ ಏನ್ ಸಂಬಂಧ?" ಸಂಬಂಧವಿದೆ; ಅದೂ ಎರಡು ಹೊಲಗಳಿಗೆ. ನಿಲಂಗಾ, ಉದಗೀರ, ಉಮರಗಾ ಭಾಗದಲ್ಲಿ ಬಾವಿಯ ನೀರಿದ್ದಲ್ಲಿ ಕಬ್ಬು, ಮಳೆಯ ಮೇಲೆ ಸೋಯಾಬೀನ್ ಬೆಳೆಯುವವರು ಹೆಚ್ಚಾಗಿ ಒಂದೇ ಮನೆಯವರು.

ಪರದೇಶದ ಮಾಲು ಬಂದರಿನಲ್ಲಿ ಇಳಿದಾಗ ಸರಕಾರ ವಸೂಲು ಮಾಡುವ ಜಕಾತಿಯೇ ಆಮದು ಸುಂಕ. ಸಕ್ಕರೆಗೆ ನಮ್ಮ ದೇಶ 2018ರ ಫೆಬ್ರುವರಿಯಲ್ಲಿ ಇದನ್ನು ಶೇಕಡಾ 50ರಿಂದ 100ಕ್ಕೆ ಏರಿಸಿತು. ನೂರು ರೂಪಾಯಿಯ ಪರದೇಶಿ ಸಕ್ಕರೆಗೆ ನೂರು ರೂಪಾಯಿ ಸುಂಕ ಬಿದ್ದರೆ ತರುವವನು ಹಿಂಜರಿಯುತ್ತಾನೆ. ಮುಕ್ತ ವ್ಯಾಪಾರ ಒಪ್ಪಂದವೆಂದರೆ ಕೆಲವು ದೇಶಗಳು ಒಂದು ಇನ್ನೊಂದರ ಮಾಲಿಗೆ ಮಾತ್ರ ಈ ಸುಂಕ ಇಳಿಸುವ ಕರಾರು. ಎಲ್ಲ ಮಾಲೂ ಅದರಲ್ಲಿ ಸೇರುವುದಿಲ್ಲ. 2022ರಲ್ಲಿ ಆಸ್ಟ್ರೇಲಿಯಾದೊಡನೆ ಒಪ್ಪಂದವಾದಾಗ ಸಕ್ಕರೆ, ಗೋಧಿ, ಹಾಲಿನ ಪದಾರ್ಥಗಳಿಗೆ ನಮ್ಮ ಸರಕಾರ ರಿಯಾಯತಿ ಕೊಡಲಿಲ್ಲ.

ಈಗ ಇಂಡೋನೇಶ್ಯಾದ ಸಂಗತಿ. ಮಲೇಶ್ಯಾದೊಡನೆ ಇದ್ದ ಒಪ್ಪಂದದಂತೆ 2019ರ ಜನವರಿಯಿಂದ ಅಲ್ಲಿನ ಶುದ್ಧೀಕರಿಸಿದ ಪಾಮ್ ಎಣ್ಣೆಗೆ ನಮ್ಮಲ್ಲಿ ಶೇಕಡಾ 45 ಸುಂಕವಾಯಿತು. ಇಂಡೋನೇಶ್ಯಾದ ಎಣ್ಣೆಗೆ 50. ಐದು ಶೇಕಡಾ ಅಂತರ ಸಾಕು, ಗಿರಾಕಿ ಪಕ್ಕದ ಅಂಗಡಿಗೆ ಹೋಗಲು. ಇಂಡೋನೇಶ್ಯಾ ಸಮಾನ ಸುಂಕ ಬೇಡಿತು. ನಾವು ಸಕ್ಕರೆಗೆ ದಾರಿ ಬೇಡಿದೆವು. ಅವರು ನಮ್ಮ ಕಚ್ಚಾ ಸಕ್ಕರೆಯ ಸುಂಕವನ್ನು ಶೇಕಡಾ 5ಕ್ಕೆ ಇಳಿಸಿದರು. 2020ರ ಜನವರಿಯಿಂದ ಅವರ ಎಣ್ಣೆಗೂ ಇಲ್ಲಿ 45 ಆಯಿತು.

ಸುಂಕವೊಂದೇ ತೊಡಕಾಗಿರಲಿಲ್ಲ. ಬಣ್ಣದ ಅಂಕೆ 1200ಕ್ಕಿಂತ ಕಡಿಮೆಯಿರುವ ಕಚ್ಚಾ ಸಕ್ಕರೆಯನ್ನು ಅವರ ನಿಯಮ ಒಪ್ಪುತ್ತಿರಲಿಲ್ಲ. ಅಂಕೆ ಹೆಚ್ಚಾದಷ್ಟು ಸಕ್ಕರೆ ಕಪ್ಪು. ನಮ್ಮದು ಹೆಚ್ಚು ಬಿಳಿಯೆಂದು ಹಿಂದೆ ಬೀಳುತ್ತಿತ್ತು! ಆ ಮಿತಿಯನ್ನು 600ಕ್ಕೆ ತಂದ ಮೇಲೆ ಬಾಗಿಲು ತೆರೆಯಿತು. ಬರದಿಂದ ಥೈಲ್ಯಾಂಡಿನ ಕಬ್ಬೂ ಆಗ ಕಡಿಮೆಯಾಗಿದ್ದುದು ನಮಗೆ ಅನುಕೂಲವಾಯಿತು. 2021-22ರಲ್ಲಿ ದೇಶದಿಂದ ಸುಮಾರು 110 ಲಕ್ಷ ಟನ್ ಸಕ್ಕರೆ ಹೊರಗೆ ಹೋಯಿತು. ಗೋದಾಮು ಖಾಲಿಯಾದರೆ ಬ್ಯಾಂಕಿನ ಬಡ್ಡಿ ಕಡಿಮೆ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡಬೇಕೆಂಬ ನಿಯಮ ಪಾಲಿಸುವುದು ಕಾರಖಾನೆಗೆ ಸಾಧ್ಯವಾಗುತ್ತದೆ. ನಿಮ್ಮ ಕೈಗೆ ರಫ್ತಿನ ಲಾಭ ಬರುವುದು ಹೀಗೆ.

ಆದರೆ ಅವರು ತೆರೆದ ಬಾಗಿಲನ್ನು ನಾವೇ ಮುಚ್ಚಿದೆವು. 2022ರ ಜೂನ್ 1ರಿಂದ ರಫ್ತಿಗೆ ಸರಕಾರದ ಅನುಮತಿ ಬೇಕಾಯಿತು. 2023ರಲ್ಲಿ ಮಹಾರಾಷ್ಟ್ರ, ಕರ್ನಾಟಕದಲ್ಲಿ ಮಳೆ ಕೈಕೊಟ್ಟಿತು. ಆ ಹಂಗಾಮಿನಲ್ಲಿ ಕಾರಖಾನೆಗಳಿಗೆ ರಫ್ತಿನ ಕೋಟಾ ಸಿಗಲಿಲ್ಲ. 2025ರ ಜನವರಿಯಲ್ಲಿ 10 ಲಕ್ಷ ಟನ್ನಿಗೆ ಅನುಮತಿ ಬಂತು. ಒಳಗಿನ ಪೇಟೆಯಲ್ಲಿ ಸಕ್ಕರೆ ತುಟ್ಟಿಯಾಗಬಾರದೆಂಬ ಸರಕಾರದ ಕಾಳಜಿ ಅರ್ಥವಾಗುವಂಥದೇ. ಆದರೂ ಮೂರು ವರ್ಷ ಕಷ್ಟಪಟ್ಟು ಗಳಿಸಿದ ಗಿರಾಕಿ ನಮ್ಮ ಸಲುವಾಗಿ ಕಾಯುತ್ತ ಕೂಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಎರಡನೆಯ ಹೊಲ. ಪಾಮ್ ಎಣ್ಣೆ ಅಗ್ಗವಾಗಿ ಬಂದರೆ ಸೋಯಾ ಎಣ್ಣೆಯ ದರ ಜಗ್ಗುತ್ತದೆ, ಅದರೊಂದಿಗೆ ಸೋಯಾಬೀನಿನದೂ. 2020ರ ಜನವರಿ 8ರಂದು ಸರಕಾರ ಶುದ್ಧೀಕರಿಸಿದ ಪಾಮ್ ಎಣ್ಣೆಯ ಆಮದನ್ನೇ ನಿರ್ಬಂಧಿಸಿ ಕೊಟ್ಟ ರಿಯಾಯತಿಗೆ ಕಡಿವಾಣ ಹಾಕಿತು. ಕಚ್ಚಾ ಎಣ್ಣೆ ಮಾತ್ರ ಬರುತ್ತಲೇ ಇತ್ತು. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಸುಂಕವನ್ನು ಶೇಕಡಾ 20ಕ್ಕೆ ಏರಿಸಿದರೂ, ಆ ಹಂಗಾಮಿನಲ್ಲಿ ಸೋಯಾಬೀನ್ 4,892 ರೂಪಾಯಿ ಬೆಂಬಲ ಬೆಲೆಯ ಕೆಳಗೇ ಮಾರಾಟವಾದದ್ದು ನಿಮಗೆ ಗೊತ್ತಿದೆ. 2025ರ ಮೇ ಕೊನೆಗೆ ಆ ಸುಂಕವನ್ನು 10ಕ್ಕೆ ಇಳಿಸಿದರು.

ಆದ್ದರಿಂದ ಹೊಸ ಒಪ್ಪಂದದ ಸುದ್ದಿ ಪೇಪರಿನಲ್ಲಿ ಬಂದಾಗ ಸಕ್ಕರೆಯ ಸಾಲು ಓದಿದ ಮೇಲೆ ಖಾದ್ಯ ತೈಲದ ಸಾಲನ್ನೂ ಓದಿರಿ. ತಿಳಿಯದಿದ್ದರೆ ಪೇಪರು ತೆಗೆದುಕೊಂಡು ಗಟ್ ಆಫೀಸಿಗೆ ಬರಬಹುದು.

— ಕಬ್ಬು ಅಭಿವೃದ್ಧಿ ಅಧಿಕಾರಿ